ಎಂಟಿಂಚಿನ ಟೆಲಿಸ್ಕೋಪಿನಲ್ಲಿ ಸ್ಟೆಫಾನ್ ಕ್ವಿಂಟೆಟ್ ಕಾಣುತ್ತದಾ?

ನಿಮ್ಮ ಪ್ರಶ್ನೆ ಇಷ್ಟು: ಮನೆ ಚಿಕ್ಕಮಗಳೂರು ಪೇಟೆಯಲ್ಲಿ. ಎಂಟಿಂಚು ಅಗಲದ ಕನ್ನಡಿಯ ಡಾಬ್ಸೋನಿಯನ್ (ಕೈಯಲ್ಲೇ ತಿರುಗಿಸುವ ಸರಳ ಟೆಲಿಸ್ಕೋಪ್) ಇದೆ. ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪ್ ತೆಗೆದ ಸ್ಟೆಫಾನ್ ಕ್ವಿಂಟೆಟ್ (ಒತ್ತಾಗಿ ಕಾಣುವ ಐದು ಗ್ಯಾಲಕ್ಸಿಗಳ ಗುಂಪು) ಫೋಟೋ ನೋಡಿ ಆಸೆಯಾಯಿತು. ತಾರಸಿ ಮೇಲೆ ನಿಂತು ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ಹನ್ನೆರಡು ಇಂಚಿನದು ತಗೊಂಡರೆ ಕಾಣುತ್ತದಾ, ಇಲ್ಲಾ ಇದು ನಮ್ಮಂಥವರಿಗೆ ಆಗದ ಮಾತಾ?

ಆಗುವ ಮಾತೇ. ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ. ಮೊದಲು ಕತ್ತಲೆ ಹುಡುಕಿ. ಆಮೇಲೆ ಸುಲಭವಾದ ಒಂದು ಗುಂಪಿನಿಂದ ಶುರು ಮಾಡಿ. ಗ್ಯಾಲಕ್ಸಿ ಗುಂಪುಗಳನ್ನು ನೋಡಲು ಹೊರಟವರೆಲ್ಲ ಮೊದಲು ಓಡುವುದು ಸ್ಟೆಫಾನ್ ಕ್ವಿಂಟೆಟ್ ಹತ್ತಿರ, ಹೆಸರು ದೊಡ್ಡದಲ್ವಾ. ನನ್ನ ಪ್ರಕಾರ ಮೊದಲ ಸಲಕ್ಕೆ ಅದರಷ್ಟು ಕೆಟ್ಟ ಆಯ್ಕೆ ಬೇರೆ ಇಲ್ಲ.

ಫೋಟೋ ವಿಷಯ ಮೊದಲೇ ಮುಗಿಸಿಬಿಡೋಣ. 2022ರ ಜುಲೈನಲ್ಲಿ ಬಂದ ಆ ಚಿತ್ರ ಸುಮಾರು 1000 ಫೈಲುಗಳನ್ನು ಜೋಡಿಸಿ ಮಾಡಿದ್ದು. ವೆಬ್‌ನ ಕನ್ನಡಿ 6.5 ಮೀಟರ್. ಅದು ನೋಡುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನಲ್ಲಿ, ಬಣ್ಣ ಹಚ್ಚುವುದು ಆಮೇಲೆ. ನಿಮ್ಮ ಐಪೀಸಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಮಸೂರದಲ್ಲಿ, ಬಣ್ಣ ಇರುವುದಿಲ್ಲ, ಬಾಲ ಇರುವುದಿಲ್ಲ, ಸುರುಳಿಯೂ ಇರುವುದಿಲ್ಲ. ಬೂದು ಮಸುಕು ಇರುತ್ತದೆ. ಅದೂ ಕೆಲವೊಮ್ಮೆ ಇದ್ದ ಹಾಗೆ, ಕೆಲವೊಮ್ಮೆ ಇಲ್ಲದ ಹಾಗೆ. ಇದು ಒಪ್ಪಿಗೆಯಾದರೆ ಮುಂದೆ ಓದಿ.

ಮ್ಯಾಗ್ನಿಟ್ಯೂಡ್ ಅಂದರೆ ಪ್ರಕಾಶದ ಅಳತೆ, ಸಂಖ್ಯೆ ಜಾಸ್ತಿಯಾದಷ್ಟೂ ಮಂಕು. ಎಂಟಿಂಚಿನಲ್ಲಿ 13ನೇ ಮ್ಯಾಗ್ನಿಟ್ಯೂಡಿನ ನಕ್ಷತ್ರ ಆರಾಮಾಗಿ ಕಾಣುತ್ತದೆ. ಹಾಗಾದರೆ 13ನೇ ಮ್ಯಾಗ್ನಿಟ್ಯೂಡಿನ ಗ್ಯಾಲಕ್ಸಿಯೂ ಕಾಣಬೇಕು ಅಂತ ಲೆಕ್ಕ ಹಾಕುತ್ತೇವೆ. ಲೆಕ್ಕ ತಪ್ಪುವುದು ಅಲ್ಲೇ. ಒಂದು ಚಮಚ ಬೆಣ್ಣೆಯನ್ನು ಒಂದೇ ದೋಸೆಗೆ ಹಚ್ಚುವುದಕ್ಕೂ ಹತ್ತು ದೋಸೆಗೆ ಹಚ್ಚುವುದಕ್ಕೂ ವ್ಯತ್ಯಾಸ ಇದೆಯಲ್ಲ, ಹಾಗೆ. ನಕ್ಷತ್ರದ ಬೆಳಕು ಒಂದೇ ಚುಕ್ಕಿಯಲ್ಲಿ ಇರುತ್ತದೆ, ಗ್ಯಾಲಕ್ಸಿಯದು ಹರಡಿಕೊಂಡಿರುತ್ತದೆ. ಹರಡಿದ ಆ ಬೆಳಕು ಹಿಂದಿನ ಆಕಾಶಕ್ಕಿಂತ ಒಂಚೂರಾದರೂ ಜಾಸ್ತಿ ಇದ್ದರೆ ಕಣ್ಣಿಗೆ ಗೊತ್ತಾಗುತ್ತದೆ, ಇಲ್ಲದಿದ್ದರೆ ಇಲ್ಲ. ಪೇಟೆಯ ಆಕಾಶವೇ ಬೆಳ್ಳಗಿರುವಾಗ ಹನ್ನೆರಡು ಇಂಚಿನ ಕನ್ನಡಿ ಗ್ಯಾಲಕ್ಸಿಯ ಬೆಳಕಿನ ಜೊತೆಗೆ ಬೀದಿ ದೀಪದ ಬೆಳಕನ್ನೂ ಅಷ್ಟೇ ಚೆನ್ನಾಗಿ ಗುಡಿಸಿ ತರುತ್ತದೆ. ಅದಕ್ಕೇ ಕತ್ತಲೆ ಮೊದಲು ಅಂದಿದ್ದು.

ಕತ್ತಲೆ ಎಲ್ಲಿ? ಚಿಕ್ಕಮಗಳೂರಿನವರಿಗೆ ತಕ್ಷಣ ಹೊಳೆಯುವುದು ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ. ಬೇಡ. ಸಂಜೆ ಮೇಲೆ ಅತ್ತ ಗಾಡಿ ಬಿಡುವುದಿಲ್ಲ. ಬಿಟ್ಟರೂ ಗಾಳಿಗೆ ಟ್ಯೂಬ್ ನಿಲ್ಲುವುದಿಲ್ಲ, ಮಂಜು ಯಾವಾಗ ಏರಿ ಬರುತ್ತದೋ ಗೊತ್ತಾಗುವುದಿಲ್ಲ. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರಗಳ ಸಂದಿಯಲ್ಲಿ ಆಕಾಶ ಹುಡುಕಬೇಕು. ತೋಟದ ಕಣ ಬಯಲಾಗಿರುತ್ತದೆ ನಿಜ, ಆದರೆ ನವೆಂಬರಿನಿಂದ ಜನವರಿವರೆಗೆ ಕುಯ್ಲು ಇರುವಾಗ ಹಣ್ಣು ಕಾಯಲು ಕಣದಲ್ಲಿ ದೀಪ ಉರಿಯುತ್ತಿರುತ್ತದೆ. ಸಕಲೇಶಪುರ, ಆಲೂರು, ಬೇಲೂರು ಕಡೆಯಾದರೆ ಆನೆ. ಇದು ತಮಾಷೆಯಲ್ಲ. ಐಪೀಸಿಗೆ ಕಣ್ಣು ಕೊಟ್ಟು ನಿಂತವನಿಗೆ ಹಿಂದೆ ಏನು ಬಂತು ಅಂತ ಗೊತ್ತಾಗುವುದೇ ಇಲ್ಲ. ಆನೆ ಓಡಾಡುವ ಊರಿನಲ್ಲಿ ರಾತ್ರಿ ಹೊರಗೆ ಟೆಲಿಸ್ಕೋಪ್ ಇಡಲೇಬೇಡಿ.

ನಾನು ಹಾಸನದವನು. ಮಲೆನಾಡು ಹತ್ತಿರವೇ ಇದ್ದರೂ ನಾನು ಹೋಗುವುದು ಬಯಲುಸೀಮೆಗೆ, ಜಾವಗಲ್ ಆಚೆ ನೆಂಟರ ತೆಂಗಿನ ತೋಟಕ್ಕೆ. ನಿಮಗೆ ಕಡೂರು, ಅಜ್ಜಂಪುರ ಕಡೆ ಸರಿ ಹೋಗುತ್ತದೆ. ರಾಗಿ ಕೊಯ್ದ ಹೊಲ ಸಿಕ್ಕರೆ ಇನ್ನೂ ಒಳ್ಳೆಯದು, ದಿಗಂತದವರೆಗೂ ಬಯಲು. ಇಬ್ಬನಿ ಮಲೆನಾಡಿನಷ್ಟು ಸುರಿಯುವುದಿಲ್ಲ. ತೊಂದರೆ ಇಲ್ಲ ಅಂತಲ್ಲ. ರಾತ್ರಿ ತ್ರೀ ಫೇಸ್ ಬಂದ ತಕ್ಷಣ ಮೋಟಾರ್ ಹಾಕಲು ಯಾರಾದರೂ ತಲೆಗೆ ಟಾರ್ಚ್ ಕಟ್ಟಿಕೊಂಡು ಬರುತ್ತಾರೆ, ಪಾಪ, ನೇರ ನಿಮ್ಮ ಮುಖಕ್ಕೇ ಬಿಡುತ್ತಾರೆ. ಹಳೇ ದೇವಸ್ಥಾನ ಹತ್ತಿರ ಇದ್ದರಂತೂ ಕೆಂಪು ದೀಪ ಹಿಡಿದು ಕೂತವರನ್ನು ಕಂಡರೆ ನಿಧಿ ತೆಗೆಯುವವರು ಅಂತಲೇ ಅನುಮಾನ. ಬೆಳಕಿರುವಾಗಲೇ ಹೋಗಿ ಊರಿನವರಿಗೆ ಹೇಳಿ. ಶನಿಯೋ ಗುರುವೋ ಇದ್ದರೆ ಮೊದಲು ಅವರಿಗೆ ತೋರಿಸಿ. ಒಂದು ಸಲ ಶನಿಯ ಬಳೆ ನೋಡಿದವರು ಮುಂದಿನ ಸಲ ತಾವೇ ಬೀದಿ ದೀಪ ಆರಿಸಿ ಕೊಡುತ್ತಾರೆ!

ಕತ್ತಲೆ ಸಾಕಾ ಅಂತ ನೋಡಲು ಮೀಟರ್ ಬೇಡ. ಅಕ್ಟೋಬರ್, ನವೆಂಬರಿನಲ್ಲಿ ಪೆಗಾಸಸ್‌ನ ದೊಡ್ಡ ಚೌಕ ನೆತ್ತಿ ಹತ್ತಿರ ಇರುತ್ತದೆ. ನಮ್ಮವರ ಪೂರ್ವಾಭಾದ್ರ, ಉತ್ತರಾಭಾದ್ರ ನಕ್ಷತ್ರಗಳೇ ಅದರ ನಾಲ್ಕು ಮೂಲೆ. ಚೌಕದ ಒಳಗೆ ಬರಿಗಣ್ಣಿಗೆ ಎಷ್ಟು ಚುಕ್ಕಿ ಕಾಣುತ್ತವೆ ಎಣಿಸಿ. ಒಂದೋ ಎರಡೋ ಅಂದರೆ ಗುಂಪುಗಳ ಆಸೆ ಬಿಟ್ಟು ಬೇರೆ ಏನಾದರೂ ನೋಡಿ. ಆರೇಳು ಕಂಡರೆ ಕೆಲಸ ಶುರು ಮಾಡಬಹುದು.

ಹವೆಯ ಬಗ್ಗೆ ಒಂದು ಮಾತು, ಇದನ್ನು ಹೊರಗಿನವರು ಬರೆದದ್ದರಲ್ಲಿ ಓದಲು ಸಿಗುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ನಮ್ಮ ಕಡೆ ಮೋಡ ಇರುವುದಿಲ್ಲ, ಆದರೂ ಆಕಾಶ ಹಾಲಿನಂತೆ ಇರುತ್ತದೆ. ಧೂಳು, ಬೆಟ್ಟದ ಹುಲ್ಲಿಗೆ ಬಿದ್ದ ಬೆಂಕಿಯ ಹೊಗೆ. ಕಾಫಿಗೆ ಹೂಮಳೆ ಒಂದು ಬೀಳಲಿ, ಎಲ್ಲ ತೊಳೆದು ಹೋಗುತ್ತದೆ. ತೋಟದವರು ಹೂವಿಗಾಗಿ ಆ ಮಳೆ ಕಾಯುತ್ತಾರೆ, ನಾನು ಮಾರನೇ ರಾತ್ರಿಗಾಗಿ ಕಾಯುತ್ತೇನೆ. ನಕ್ಷತ್ರ ಮಿನುಗುತ್ತಿದ್ದರೂ ಪರವಾಗಿಲ್ಲ, ಆಕಾಶ ಕಪ್ಪಗಿರಬೇಕು. ಗ್ರಹ ನೋಡುವವರಿಗೆ ಬೇಕಾದ ರಾತ್ರಿಯೇ ಬೇರೆ, ನಮಗೆ ಬೇಕಾದದ್ದೇ ಬೇರೆ. ಅಮಾವಾಸ್ಯೆ ವಾರ ಅಂತೂ ಹೇಳಬೇಕಾಗಿಯೇ ಇಲ್ಲ.

ಸರಿ, ಏನು ನೋಡುವುದು? ಹಿಕ್ಸನ್ 44. ಪಾಲ್ ಹಿಕ್ಸನ್ ಕೆನಡಾದ ಖಗೋಳ ವಿಜ್ಞಾನಿ. ಅಮೆರಿಕದ ಪಾಲೊಮರ್ ವೀಕ್ಷಣಾಲಯದ ಆಕಾಶ ಸರ್ವೆಯ ಫೋಟೋಗಳನ್ನು ಹುಡುಕಿ, ಒತ್ತೊತ್ತಾಗಿ ಕೂತ ಗ್ಯಾಲಕ್ಸಿಗಳ 100 ಗುಂಪುಗಳ ಪಟ್ಟಿ ಮಾಡಿ 1982ರಲ್ಲಿ ಪ್ರಕಟಿಸಿದರು. ಗುಂಪು ಅನ್ನಿಸಿಕೊಳ್ಳಲು ಅವರು ಹಾಕಿದ ಶರತ್ತು ಮೂರು. ಕಡಿಮೆ ಅಂದರೆ ನಾಲ್ಕು ಗ್ಯಾಲಕ್ಸಿ ಇರಬೇಕು, ಪ್ರಕಾಶದಲ್ಲಿ ಒಂದಕ್ಕೊಂದು ಮೂರು ಮ್ಯಾಗ್ನಿಟ್ಯೂಡಿನ ಒಳಗೆ. ಒತ್ತಾಗಿರಬೇಕು. ಸುತ್ತ ಅಂಥವೇ ಬೇರೆ ಗ್ಯಾಲಕ್ಸಿ ಇರಬಾರದು. ಪಟ್ಟಿಯ ಎಷ್ಟೋ ಗುಂಪುಗಳು ಹವ್ಯಾಸಿಗಳ ಕೈಗೆ ಎಟುಕುವುದಿಲ್ಲ. 44 ಎಟುಕುತ್ತದೆ.

ಅದಿರುವುದು ಸಿಂಹ ರಾಶಿಯಲ್ಲಿ. ಮಖೆ ಮಳೆಯ ಮಖೆ ನಕ್ಷತ್ರ ಗೊತ್ತಲ್ವಾ, ಅಲ್ಲಿಂದ ಮೇಲಕ್ಕೆ ಕುಡುಗೋಲಿನ ಆಕಾರ ಹೋಗುತ್ತದೆ. ಆ ಬಾಗಿನಲ್ಲಿ ಹೊಳೆಯುವ ನಕ್ಷತ್ರ ಗಾಮಾ, ಅದರ ಮುಂದಿನದು ಜೀಟಾ. ಇವೆರಡರ ಹೆಚ್ಚುಕಡಿಮೆ ನಟ್ಟ ನಡುವೆ ಫೈಂಡರ್ (ಜಾಗ ಹುಡುಕಲು ಟ್ಯೂಬಿನ ಮೇಲಿರುವ ಪುಟ್ಟ ಟೆಲಿಸ್ಕೋಪ್) ಇಡಿ. ಹುಡುಕುವ ಕಷ್ಟ ಅಷ್ಟೇ. ನಮ್ಮ ಅಕ್ಷಾಂಶಕ್ಕೆ ಅದು 80 ಡಿಗ್ರಿಗಿಂತ ಮೇಲೆ, ನೆತ್ತಿಗೇ ಬರುತ್ತದೆ. ಮಾರ್ಚ್ ಕೊನೆಗೆ ರಾತ್ರಿ ಹತ್ತರ ಸುಮಾರಿಗೆ. ನೆತ್ತಿಯಲ್ಲಿ ಡಾಬ್ಸೋನಿಯನ್ (ಡಾಬ್) ತಿರುಗಿಸುವುದು ಸ್ವಲ್ಪ ಪೇಚಾಟ, ಅದಕ್ಕೆ ಒಂದು ಗಂಟೆ ಮುಂಚೆಯೋ ಆಮೇಲೋ ನೋಡಿ.

25 ಮಿಲಿಮೀಟರ್ ಐಪೀಸಿನಲ್ಲಿ ಎರಡು ಮಸುಕು ಸಿಗುತ್ತವೆ. ಒಂದು ಉದ್ದಕ್ಕೆ, ಇನ್ನೊಂದು ದುಂಡಗೆ. ಉದ್ದನೆಯದು ಎನ್‌ಜಿಸಿ 3190. ಎನ್‌ಜಿಸಿ ಅಂದರೆ ಗ್ಯಾಲಕ್ಸಿ ಮುಂತಾದವುಗಳ ಒಂದು ಹಳೇ ಪಟ್ಟಿ, ಮುಂದಿನ ನಾಲ್ಕಂಕಿಯ ಸಂಖ್ಯೆಗಳೆಲ್ಲ ಅದರವೇ. ಪಕ್ಕದಲ್ಲೇ ಒಂದು ನಕ್ಷತ್ರ ಇಟ್ಟುಕೊಂಡಿರುವ ದುಂಡನೆಯದು 3193. ಎರಡೂ 11ನೇ ಮ್ಯಾಗ್ನಿಟ್ಯೂಡ್ ಆಸುಪಾಸು. 3190ರಲ್ಲಿ 2002ರಲ್ಲಿ ಒಂದೆರಡು ತಿಂಗಳ ಅಂತರದಲ್ಲಿ ಎರಡು ಸೂಪರ್‌ನೋವಾ ಸಿಡಿದವು. ಈಗ 10 ಮಿಲಿಮೀಟರ್ ಐಪೀಸ್ ಹಾಕಿ. 1200 ಮಿಲಿಮೀಟರ್ ಫೋಕಲ್ ಲೆಂತ್ ಇದ್ದರೆ 120 ಪಟ್ಟು ಆಗುತ್ತದೆ. ಮಸುಕಾದದ್ದಕ್ಕೆ ಕಡಿಮೆ ಪವರ್ ಸಾಕು ಅಂತ ಹೇಳುವವರಿದ್ದಾರೆ. ಸಣ್ಣ ಗ್ಯಾಲಕ್ಸಿಗಳಿಗೆ ಆ ಮಾತು ನಡೆಯುವುದಿಲ್ಲ. ಪವರ್ ಏರಿದಂತೆ ಆಕಾಶವೂ ಗ್ಯಾಲಕ್ಸಿಯೂ ಒಟ್ಟಿಗೆ ಮಂಕಾಗುತ್ತವೆ, ಆದರೆ ಗ್ಯಾಲಕ್ಸಿ ದೊಡ್ಡದಾಗುತ್ತದೆ. ಮಂದ ಬೆಳಕಿನಲ್ಲಿ ಕಣ್ಣಿಗೆ ದೊಡ್ಡದೇ ಬೇಗ ಗೊತ್ತಾಗುವುದು. ಸ್ವಲ್ಪ ದೂರದಲ್ಲಿ ಮೂರನೆಯದು, 3185, ಆಗ ಬರುತ್ತದೆ. ನಾಲ್ಕನೆಯದು 3187. ಅದು 13 ದಾಟಿದ್ದು, ಎಂಟಿಂಚಿಗೆ ಪರೀಕ್ಷೆ. ಮೊದಲ ರಾತ್ರಿಯೇ ಸಿಗದಿದ್ದರೆ ಚಿಂತೆ ಬೇಡ.

ಸಿಗಬೇಕಾದರೆ ಕಣ್ಣು ಕೆಲಸ ಕಲಿಯಬೇಕು. ಮಂದ ಬೆಳಕು ಹಿಡಿಯುವ ಕೋಶಗಳು ರೆಟಿನಾದ ನಟ್ಟ ನಡುವೆ ಇಲ್ಲವೇ ಇಲ್ಲ, ಸುತ್ತ ಇವೆ. ಹಾಗಾಗಿ ನೇರ ನೋಡಿದರೆ ಗ್ಯಾಲಕ್ಸಿ ಮಾಯ. ಪಕ್ಕಕ್ಕೆ ನೋಡಬೇಕು, ಗಮನ ಮಾತ್ರ ಇದರ ಮೇಲೆ ಇರಬೇಕು. ಎಲ್ಲ ಪಕ್ಕವೂ ಒಂದೇ ಅಲ್ಲ. ಬಲಗಣ್ಣಿನಲ್ಲಿ ನೋಡುವವರು ಗ್ಯಾಲಕ್ಸಿಯ ಬಲಕ್ಕೆ ದೃಷ್ಟಿ ನೆಡಿ, ಎಡಗಣ್ಣಿನವರು ಎಡಕ್ಕೆ. ಉಲ್ಟಾ ಮಾಡಿದರೆ ಅದು ಕಣ್ಣಿನ ಕುರುಡು ಚುಕ್ಕಿಯ ಮೇಲೆ ಬೀಳುವ ಸಾಧ್ಯತೆ ಇದೆ. ಇನ್ನೊಂದು ಉಪಾಯ, ಬೆರಳಿನಿಂದ ಟ್ಯೂಬನ್ನು ಮೆಲ್ಲಗೆ ತಟ್ಟಿ. ನಿಂತಾಗ ಕಾಣದ ಮಸುಕು ಅಲುಗಾಡಿದಾಗ ಗೊತ್ತಾಗುತ್ತದೆ. ಡಾಬ್‌ಗೆ ಮೋಟಾರ್ ಇಲ್ಲ ಅಂತ ಬೇಜಾರು ಬೇಡ. 120 ಪಟ್ಟಿನಲ್ಲಿ ಗುಂಪು ಸುಮಾರು ಎರಡು ನಿಮಿಷದಲ್ಲಿ ಐಪೀಸ್ ದಾಟಿ ಹೋಗುತ್ತದೆ. ಒಂದು ಅಂಚಿನಲ್ಲಿ ಇಟ್ಟು ಸುಮ್ನೆ ಬಿಡಿ, ತಾನೇ ತೇಲಿಕೊಂಡು ಬರಲಿ. ಆ ಚಲನೆಯೂ ಸಹಾಯವೇ.

ಕಣ್ಣು ಕತ್ತಲಿಗೆ ಒಗ್ಗಲು ಅರ್ಧ ಗಂಟೆ ಬೇಕೇ ಬೇಕು. ನಡುವೆ ಒಂದು ಸಲ ವಾಟ್ಸಾಪ್ ತೆರೆದರೆ ಅರ್ಧ ಗಂಟೆ ಮತ್ತೆ ಮೊದಲಿಂದ. ನಕ್ಷೆಯನ್ನು ಕಾಗದದಲ್ಲಿ ಪ್ರಿಂಟ್ ತೆಗೆದುಕೊಂಡು ಹೋಗಿ, ಟಾರ್ಚಿಗೆ ಕೆಂಪು ಗಾಜಿನ ಕಾಗದ ಎರಡು ಮೂರು ಪದರ ಕಟ್ಟಿ. ತಲೆ ಮೇಲೆ ಕಪ್ಪು ಟವೆಲ್ ಹೊದ್ದುಕೊಂಡು ಐಪೀಸಿಗೆ ಬಗ್ಗಿ. ನೋಡುವವರು ನಗುತ್ತಾರೆ, ನಗಲಿ. ದೂರದ ಒಂದು ಟ್ಯೂಬ್‌ಲೈಟ್ ಮರೆಯಾದರೂ ವ್ಯತ್ಯಾಸ ಗೊತ್ತಾಗುತ್ತದೆ.

44 ಕೈವಶವಾದ ಮೇಲೆ ಹಿಕ್ಸನ್ 68ಕ್ಕೆ ಹೋಗಿ. ಕೇನಿಸ್ ವೆನಾಟಿಸಿ ನಕ್ಷತ್ರಪುಂಜದಲ್ಲಿದೆ, ಏಪ್ರಿಲ್, ಮೇ ತಿಂಗಳಿನದು. ಅಲ್ಲಿ 5353, 5354 ಅಂತ ಎರಡು ಗ್ಯಾಲಕ್ಸಿ ಒಂದಕ್ಕೊಂದು ಅಂಟಿಕೊಂಡಿವೆ, ಎರಡೂ 11ರ ಸುಮಾರು. ಪಕ್ಕದ ಕಿತ್ತಳೆ ನಕ್ಷತ್ರದ ಬೆಳಕು ಕಣ್ಣಿಗೆ ಹೊಡೆಯದ ಹಾಗೆ ಅದನ್ನು ಐಪೀಸಿನಿಂದ ಹೊರಗೆ ತಳ್ಳಿ ನೋಡಬೇಕು. ಮಳೆಗಾಲ ಕಳೆದ ಮೇಲೆ ದಕ್ಷಿಣಕ್ಕೆ ಹಿಕ್ಸನ್ 90 ಇದೆ, ಫೊಮಲ್‌ಹಾಟ್ ನಕ್ಷತ್ರದ ಪಶ್ಚಿಮಕ್ಕೆ. ಯುರೋಪಿನವರಿಗೆ ಅದು ದಿಗಂತಕ್ಕೆ ತಾಗಿಕೊಂಡಿರುತ್ತದೆ. ನಮಗೆ 45 ಡಿಗ್ರಿ ಎತ್ತರ. ಪುಸ್ತಕಗಳಲ್ಲಿ ಇದರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಬರೆದವರು ಹೆಚ್ಚಿನವರು ಉತ್ತರದ ದೇಶದವರು ಅನ್ನುವುದು ಬಿಟ್ಟರೆ ಬೇರೆ ಕಾರಣ ನನಗೆ ತೋರುವುದಿಲ್ಲ.

ಈಗ ನಿಮ್ಮ ಸ್ಟೆಫಾನ್ ಕ್ವಿಂಟೆಟ್. ಹಿಕ್ಸನ್ ಪಟ್ಟಿಯಲ್ಲಿ 92. ಹೊತ್ತು: ನವೆಂಬರ್ ನಡುವಿನಲ್ಲಿ ಸಂಜೆ ಏಳೂವರೆಗೆ ಉತ್ತರಕ್ಕೆ ಮುಖ ಮಾಡಿ ನಿಂತರೆ ಸುಮಾರು 70 ಡಿಗ್ರಿ ಎತ್ತರದಲ್ಲಿ. ಪೆಗಾಸಸ್ ಚೌಕದ ವಾಯವ್ಯ ಮೂಲೆಯ ನಕ್ಷತ್ರ ಬೀಟಾ. ಅಲ್ಲಿಂದ ವಾಯವ್ಯಕ್ಕೆ ಐದು ಡಿಗ್ರಿ ಹೋದರೆ ಈಟಾ. ಈಟಾದಿಂದ ಉತ್ತರಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿಕೊಂಡು, ನಾಲ್ಕೂಕಾಲು ಡಿಗ್ರಿ ಏರಿದರೆ ಎನ್‌ಜಿಸಿ 7331. ಇದು 1784ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದ ಗ್ಯಾಲಕ್ಸಿ, ಮ್ಯಾಗ್ನಿಟ್ಯೂಡ್ ಒಂಬತ್ತೂವರೆ. 25 ಮಿಲಿಮೀಟರ್ ಐಪೀಸಿನಲ್ಲಿ ಉದ್ದನೆಯ ಮಸುಕು, ನಡುವೆ ಹೊಳಪು. ಇದು ಸಿಗದಿದ್ದರೆ ಮುಂದೆ ಹೋಗಲೇಬೇಡಿ, ಆ ರಾತ್ರಿ ಆಕಾಶ ಸಾಲದು ಅಂತ ಅರ್ಥ. ಸಿಕ್ಕರೆ, ಅದೇ ಐಪೀಸಿನಲ್ಲಿ ಅರ್ಧ ಡಿಗ್ರಿ ನೈಋತ್ಯಕ್ಕೆ ನೋಡಿ. ಡಾಬ್‌ನಲ್ಲಿ ಚಿತ್ರ ತಲೆಕೆಳಗು ಅನ್ನುವುದು ನೆನಪಿರಲಿ. ಒಂದು ಸಣ್ಣ ತೇಪೆಯಷ್ಟು ಜಾಗದಲ್ಲಿ ಆಕಾಶ ಉಳಿದ ಕಡೆಯಷ್ಟು ಕಪ್ಪಗಿಲ್ಲ ಅನ್ನಿಸುತ್ತದೆ. ಅದೇ.

ಪವರ್ ಏರಿಸಿ. 120, ಹವೆ ತಡೆದರೆ 200. ಮೊದಲು ಬಿಡಿಬಿಡಿಯಾಗಿ ಎದ್ದು ಬರುವುದು 7320. ಗುಂಪಿನಲ್ಲಿ ಎಲ್ಲಕ್ಕಿಂತ ಪ್ರಕಾಶ ಜಾಸ್ತಿ, ಸ್ವಲ್ಪ ಉದ್ದನೆಯದು. ಆಮೇಲೆ ಅದರ ವಾಯವ್ಯಕ್ಕೆ 7318, ನಡುವೆ ಗಟ್ಟಿಯಾದ ಮಸುಕು. 7317 ತೀರಾ ಸಣ್ಣದು, ಪಕ್ಕದ ನಕ್ಷತ್ರವನ್ನೇ ಗ್ಯಾಲಕ್ಸಿ ಅಂದುಕೊಳ್ಳುವುದು ಸುಲಭ. 7319 ಎಲ್ಲಕ್ಕಿಂತ ಸತಾಯಿಸುವಂಥದ್ದು. ಮ್ಯಾಗ್ನಿಟ್ಯೂಡ್ ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ, ಆದರೆ ಬೆಳಕು ಹರಡಿಹೋಗಿದೆ. ನನ್ನ ಹತ್ತಿಂಚಿನಲ್ಲಿ ಒಳ್ಳೆ ರಾತ್ರಿ ಅದು ಬಂದು ಬಂದು ಹೋಗುತ್ತದೆ. ನಿಮ್ಮ ಎಂಟಿಂಚಿನಲ್ಲಿ ಎರಡು ಖಂಡಿತ, ಮೂರು ಕಂಡರೆ ಚೆನ್ನಾಗಿ ನೋಡಿದ್ದೀರಿ ಅಂತ ಲೆಕ್ಕ.

ಐದು ಕಾಣದ್ದಕ್ಕೆ ಬೇಸರ ಆದರೆ ಇದನ್ನು ಕೇಳಿ. ಫ್ರೆಂಚ್ ಖಗೋಳ ವಿಜ್ಞಾನಿ ಎದುವಾರ್ ಸ್ಟೆಫಾನ್ ಇದನ್ನು 1877ರಲ್ಲಿ ಮಾರ್ಸೆಯಲ್ಲಿ ಕಂಡಾಗ ಅವರ ಹತ್ತಿರ ಇದ್ದದ್ದು 80 ಸೆಂಟಿಮೀಟರ್ ಕನ್ನಡಿ. ಭೌತವಿಜ್ಞಾನಿ ಫೂಕೋ ಮಾಡಿದ್ದು, ಗಾಜಿಗೆ ಬೆಳ್ಳಿ ಬಳಿದದ್ದು. ಅಂದರೆ ಮೂವತ್ತೊಂದು ಇಂಚು ಚಿಲ್ಲರೆ. ಆದರೂ ಎನ್‌ಜಿಸಿ ಪಟ್ಟಿಯಲ್ಲಿ ಇರುವುದು ನಾಲ್ಕೇ ಸಂಖ್ಯೆ, 7317ರಿಂದ 7320. 7318 ಒಂದಲ್ಲ, ಎರಡು ಗ್ಯಾಲಕ್ಸಿ ಅನ್ನುವ ಎ, ಬಿ ಎಲ್ಲ ಆಮೇಲೆ ಸೇರಿದ್ದು.

ಇನ್ನೊಂದು ಸ್ವಾರಸ್ಯ ಇದೆ. ನಿಮಗೆ ಮೊದಲು ಕಾಣುವ 7320 ಈ ಗುಂಪಿನದೇ ಅಲ್ಲ. ಉಳಿದ ನಾಲ್ಕು ಸುಮಾರು 29 ಕೋಟಿ ಬೆಳಕಿನ ವರ್ಷ ದೂರದಲ್ಲಿದ್ದರೆ ಇದು 4 ಕೋಟಿ ಅಷ್ಟೇ, ಪಕ್ಕದ 7331ರ ನೆರೆಯದು ಅನ್ನಿ. ಇದರ ವೇಗ ಉಳಿದವುಗಳಿಗೆ ಹೊಂದುವುದಿಲ್ಲ ಅಂತ 1961ರಲ್ಲಿ ಖಗೋಳ ವಿಜ್ಞಾನಿಗಳಾದ ಬರ್ಬಿಜ್ ದಂಪತಿ ತೋರಿಸಿದರು. ನಿಜವಾಗಿ ಗುದ್ದಾಟ ನಡೆಯುತ್ತಿರುವುದು 7318 ಬಿ ಗ್ಯಾಲಕ್ಸಿಯದು. ಅದು ಸೆಕೆಂಡಿಗೆ 900 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಗುಂಪಿನೊಳಗೆ ನುಗ್ಗುತ್ತಿದೆ. ವೆಬ್ ಚಿತ್ರದಲ್ಲಿ ಕೆಂಪಗೆ ಕಾಣುವ ಅಲೆಯ ಕಾರಣ ಅದೇ. ಐಪೀಸಿನಲ್ಲಿ ಇದ್ಯಾವುದೂ ಕಾಣುವುದಿಲ್ಲ, ಆದರೆ ಯಾವ ಮಸುಕು ಎಷ್ಟು ದೂರ ಅಂತ ಗೊತ್ತಿದ್ದು ನೋಡುವ ಮಜಾನೇ ಬೇರೆ. 29 ಕೋಟಿ ವರ್ಷ ಅಂದಾಗ ಜನ ಬಾಯಿ ಬಿಡುತ್ತಾರೆ. ನಿಮ್ಮ ಬಾಬಾಬುಡನ್‌ಗಿರಿಯ ಬಂಡೆಗಳಿಗೆ 250 ಕೋಟಿಗಿಂತ ಜಾಸ್ತಿ ವಯಸ್ಸು. ಆ ಬೆಳಕು ಹೊರಟಾಗಲೇ ಅವು ಹಳೇ ಬಂಡೆಗಳು.

ಸೆಯ್‌ಫರ್ಟ್ ಸೆಕ್ಸ್‌ಟೆಟ್ ಅನ್ನುವ ಇನ್ನೊಂದು ಗುಂಪಿನ ಬಗ್ಗೆ ಯಾರಾದರೂ ಹುರಿದುಂಬಿಸಿದರೆ ಸದ್ಯಕ್ಕೆ ಕೇಳಿಸಿಕೊಳ್ಳಬೇಡಿ. ಗುಂಪಿಗೆ ಗುಂಪೇ ಚಂದ್ರನ ಅಗಲದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು, ಎಂಟಿಂಚಿಗೆ ಒಂದೇ ಚುಕ್ಕೆ. ಸಿಂಹದಲ್ಲಿರುವ ಕೋಪ್‌ಲ್ಯಾಂಡ್ ಸೆಪ್ಟೆಟ್ ಸಹ ಎಂಟಿಂಚಿಗೆ ಕಷ್ಟ. 1874ರಲ್ಲಿ ರಾಲ್ಫ್ ಕೋಪ್‌ಲ್ಯಾಂಡ್ ಅದನ್ನು ಕಂಡದ್ದು ಐರ್ಲೆಂಡಿನ ಬರ್ ಕ್ಯಾಸಲ್‌ನ 72 ಇಂಚಿನ ಟೆಲಿಸ್ಕೋಪಿನಲ್ಲಿ.

ಇಬ್ಬನಿಗೆ ಒಂದು ದಾರಿ ಮಾಡಿಕೊಳ್ಳಿ. ಕಪ್ಪು ಫೋಮ್ ಹಾಳೆಯನ್ನು ಟ್ಯೂಬಿನ ಬಾಯಿಗೆ ಸುತ್ತಿ, ಒಂದಡಿ ಮುಂದಕ್ಕೆ ಚಾಚಿರಲಿ. ಮೊದಲು ಮಂಜಾಗುವುದು ಫೈಂಡರ್ ಮತ್ತು ಐಪೀಸ್. ಬಳಸದ ಐಪೀಸನ್ನು ಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ. ಕೈಬೆರಳಿನಿಂದ ಮಾತ್ರ ಒರೆಸಬೇಡಿ. ಕಡೂರಿನವರೆಗೆ ಗಾಡಿಯಲ್ಲಿ ಕುಲುಕಿಕೊಂಡು ಹೋದ ಮೇಲೆ ಕನ್ನಡಿ ಅಲೈನ್ ಆಗಿದೆಯಾ ಅಂತ ನೋಡಿ. ಆ ಹೊಂದಾಣಿಕೆ (ಕಾಲಿಮೇಶನ್) ಹಾಳಾಗಿದ್ದರೆ 7317ರಂಥ ಸಣ್ಣವು ಕರಗಿ ಹೋಗುತ್ತವೆ.

ಹನ್ನೆರಡು ಇಂಚಿನ ಪ್ರಶ್ನೆ ಉಳಿಯಿತು. ಕತ್ತಲ ಜಾಗದಲ್ಲಿ ಅದು ನಿಮ್ಮದಕ್ಕಿಂತ ಎರಡು ಪಟ್ಟಿಗಿಂತ ಜಾಸ್ತಿ ಬೆಳಕು ಹಿಡಿಯುತ್ತದೆ. 7318 ಎರಡಾಗಿ ಒಡೆಯುತ್ತದೆ, 7319 ನಿಂತು ಕಾಣುತ್ತದೆ. ಸುಳ್ಳು ಹೇಳುವುದಿಲ್ಲ, ವ್ಯತ್ಯಾಸ ಇದೆ. ಒಂದು ವರ್ಷ ಎಂಟಿಂಚನ್ನು ಹೊತ್ತು ಬಯಲಿಗೆ ಹೋಗಿ ಬನ್ನಿ, ಆಮೇಲೂ ಆಸೆ ಇದ್ದರೆ ತಗೊಳ್ಳಿ. ಆದರೆ ದುಡ್ಡು ಕೊಡುವ ಮುಂಚೆ ಟ್ಯೂಬನ್ನು ಒಬ್ಬರೇ ಎತ್ತಿ ನೋಡಿ, ಕಾರಿನ ಹಿಂದಿನ ಸೀಟಿನ ಅಗಲವನ್ನೂ ಅಳೆದುಕೊಳ್ಳಿ. ತಾರಸಿಯಿಂದ ಇಳಿಸಲು ಆಗದ ಹನ್ನೆರಡು ಇಂಚಿಗಿಂತ ಅಜ್ಜಂಪುರಕ್ಕೆ ಹೋಗುವ ಎಂಟಿಂಚಿನಲ್ಲಿ ಜಾಸ್ತಿ ಗ್ಯಾಲಕ್ಸಿ ಕಾಣುತ್ತವೆ.